ಬೊಂಬೆ ಕೂರಿಸೋದು ಅಂದ್ರೆ ಪ್ರಾಣ, ಬಾಗಿಲ ಬೆಲ್ ಆದ್ರೆ ಎದೆ ಡವಡವ: ನಿಮ್ಮಲ್ಲೂ ಯಾರಾದ್ರೂ ಹೀಗಿದ್ದೀರಾ?

ಪೆಟ್ಟಿಗೆಕೀಲಿ | 31 ಆಗಸ್ಟ್ 2025

ಗಣೇಶನ್ನ ಬಿಟ್ಟು ಬಂದ ಮಾರನೇ ದಿನವೇ ಅಟ್ಟದಿಂದ ಮೊದಲನೇ ಟ್ರಂಕು ಇಳಿಸಿದೆ. ನವರಾತ್ರಿ ಪಾಡ್ಯ ಸೆಪ್ಟೆಂಬರ್ 22ಕ್ಕೆ. ಅದಕ್ಕೆ ಮುಂಚೆ ಪಿತೃಪಕ್ಷ ಬರತ್ತೆ, ಹೊಸ ಬೊಂಬೆ ತರೋದಿದ್ರೆ ಅದಕ್ಕೂ ಮೊದಲೇ ತಂದುಬಿಡಬೇಕು ಅನ್ನೋದು ನಮ್ಮತ್ತೆ ನಡೆಸ್ಕೊಂಡು ಬಂದ ಪದ್ಧತಿ. ಹಾಗಾಗಿ ನಂಗೆ ದಸರಾ ಶುರುವಾಗೋದು ಈಗಲೇ.

ಹುಟ್ಟಿ ಬೆಳೆದದ್ದು ಮೈಸೂರು, ಮದುವೆಯಾಗಿ ಬಂದಿದ್ದು ಬೆಂಗಳೂರಿನ ಹನುಮಂತನಗರಕ್ಕೆ. ತವರಲ್ಲಿ ಕೊಟ್ಟ ರಾಜ ರಾಣಿ ಪಟ್ಟದ ಬೊಂಬೆ ಜೋಡಿ, ಅತ್ತೆ ಬಿಟ್ಟುಹೋದ 140 ಬೊಂಬೆ, ಎಲ್ಲ ಸೇರಿ ಏಳು ಹಂತ ಕೂರಿಸ್ತೀನಿ. ಒಂದೊಂದನ್ನೂ ಹಳೇ ಪಂಚೆ ತುಂಡಿಂದ ಬಿಡಿಸೋದು, ಮೆತ್ತನೆ ಬ್ರಶ್ಶಲ್ಲಿ ಧೂಳು ತೆಗೆಯೋದು, ಮಣ್ಣಿನ ಬೊಂಬೆ ಮೂಗಿನ ಚಕ್ಕೆ ಎದ್ದಿದ್ರೆ ತಿದ್ದಿ ಬಣ್ಣ ಕೊಡೋದು, ರಾಜನಿಗೆ ಹಳೇ ಸೀರೆ ಜರಿಯಲ್ಲಿ ಪೇಟ ಸುತ್ತೋದು. ಟ್ರಂಕು ತೆಗೆದಾಗ ಬರೋ ಆ ಲವಂಗ, ಕರ್ಪೂರ, ಹಳೇ ಬಟ್ಟೆ ಸೇರಿದ ವಾಸನೆ ಇದ್ಯಲ್ಲ, ಅದಕ್ಕೋಸ್ಕರ ವರ್ಷ ಪೂರ್ತಿ ಕಾಯ್ತೀನಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬಳೇ ಕೂತು ಈ ಕೆಲಸ ಮಾಡುವಾಗ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಕಷ್ಟ ಇರೋದು ಆಮೇಲೆ. ಸಾಯಂಕಾಲ ಐದಾಯ್ತು, ಬೆಲ್ ಆಯ್ತು ಅಂದ್ರೆ ಕೈ ತಣ್ಣಗಾಗತ್ತೆ. ಬಂದವರು ಒಳ್ಳೆಯವರೇ, ನಾನೇ ಕರೆದಿರೋರು, ಅವರು ಬರಬೇಕು ಅಂತ ಮನಸಾರೆ ಆಸೆಯೂ ಇರತ್ತೆ. ಆದ್ರೆ ಹತ್ತು ಜನ ಒಟ್ಟಿಗೆ ಮಾತಾಡೋಕೆ ಶುರು ಮಾಡಿದ್ರೆ ನಂಗೆ ಒಂದು ವಾಕ್ಯ ಹೊಳೆಯಲ್ಲ. ಹೋದ ವರ್ಷ ಐದನೇ ದಿನ ಹದಿನಾಲ್ಕು ಜನ ಒಂದೇ ಸಲ ಬಂದ್ರು. "ಉಸ್ಲಿ ತರ್ತೀನಿ" ಅಂತ ಅಡುಗೆಮನೆಗೆ ಹೋದವಳು ಕಾಲು ಗಂಟೆ ಹೊರಗೇ ಬರಲಿಲ್ಲ. ಆಚೆ ಬರೋ ಹೊತ್ತಿಗೆ ಒಬ್ಬರು ಅರಿಶಿನ ಕುಂಕುಮ ತಗೊಳ್ಳದೆ, ಬರಿಗೈಲಿ ಹೊರಟುಹೋಗಿದ್ರು. ಒಂದು ವರ್ಷದಿಂದ ಇದು ಮನಸ್ಸಿನಲ್ಲಿ ಕೊರೀತಾ ಇದೆ.

ನಮ್ಮ ಯಜಮಾನರು ಪಾಪ, ನನಗೆ ಒಳ್ಳೆಯದಾಗಲಿ ಅಂತಲೇ "ಈ ಸಲ ಮೂರು ಹಂತ ಸಾಕು" ಅಂತಾರೆ. ಆದ್ರೆ ನಂಗೆ ಬೊಂಬೆ ಭಾರ ಅಲ್ಲ. ಏಳನ್ನ ಒಂಬತ್ತು ಮಾಡು ಅಂದ್ರೂ ಖುಷೀಲಿ ಮಾಡ್ತೀನಿ. ಈ ಸಲ ಒಂದು ತಿಥಿ ಎರಡು ದಿನ ಬಂದು ದಶಮಿ ಅಕ್ಟೋಬರ್ 2ಕ್ಕೆ ಬಿದ್ದಿದೆ, ಅಂದ್ರೆ ಹನ್ನೊಂದು ದಿನ. ನನ್ನ ಸ್ವಭಾವದವರು ಹೇಗೆ ನಿಭಾಯಿಸ್ತೀರಿ ಅಂತ ದಯವಿಟ್ಟು ಹೇಳಿ.

ಕುವೆಂಪುನಗರದ ಸೊಸೆ | 31 ಆಗಸ್ಟ್

ನನ್ನ ಮನೆ ಕಥೆಯನ್ನೇ ಬರೆದ ಹಾಗಿದೆ. ಮೊದಲು ಒಂದು ಸಣ್ಣ ವಿಷಯ ಹೇಳ್ತೀನಿ, ತಾಂಬೂಲವನ್ನ ಅಡುಗೆಮನೇಲಿ ಇಡಲೇಬೇಡಿ. ಬಾಗಿಲ ಹತ್ರ ಒಂದು ಸ್ಟೂಲು ಹಾಕಿ, ಅದರ ಮೇಲೆ ಕುಂಕುಮದ ಬಟ್ಟಲು, ಹೂವು, ತಾಂಬೂಲದ ಚೀಲ. ಯಾರು ಎದ್ದು ಹೊರಟರೂ ಅದನ್ನ ದಾಟ್ಕೊಂಡೇ ಹೋಗಬೇಕು. ಅಡಿಕೆ, ಬಳೆ, ರವಿಕೆ ಕಣ ಎಲ್ಲ ಚೀಲಕ್ಕೆ ಹದಿನೈದು ದಿನ ಮುಂಚೆನೇ ತುಂಬಿಡಬಹುದು. ವೀಳ್ಯದೆಲೆ ಮಾತ್ರ ಒದ್ದೆ ಬಟ್ಟೇಲಿ ಸುತ್ತಿಟ್ಟು ಆವತ್ತಾವತ್ತು ಸಾಯಂಕಾಲ ಹಾಕಿ. ತೆಂಗಿನಕಾಯಿ ಚೀಲದಲ್ಲಿ ಬೇಡ, ಕೆಳಗೆ ಬುಟ್ಟೀಲಿ ಇರಲಿ, ಕೊಡುವಾಗ ಸೇರಿಸಿ.

ಇನ್ನೊಂದು. ಮನೇಲಿ ಮಾತು ಬರೋರು ಒಬ್ಬರು ಇದ್ದೇ ಇರ್ತಾರೆ. ನಮ್ಮ ಮನೇಲಿ ನಾದಿನಿ. ನಾಲ್ಕು ವರ್ಷದಿಂದ ನಮ್ಮಿಬ್ಬರದ್ದು ಒಪ್ಪಂದ: ಬೊಂಬೆ, ಅಡುಗೆ, ತಾಂಬೂಲ ಪೂರ್ತಿ ನನ್ನದು, ಬಂದವರನ್ನ ಮಾತಾಡಿಸೋದು ಅವಳದ್ದು. ಅವಳಿಗೆ ಒಂದು ಹಂತ ಜೋಡಿಸು ಅಂದ್ರೆ ಜೀವ ಹೋಗತ್ತೆ. ಇಬ್ಬರಿಗೂ ಸರಿಹೋಯ್ತು.

ಎಡಿಸನ್ ಕನ್ನಡತಿ | 1 ಸೆಪ್ಟೆಂಬರ್

ನ್ಯೂಜೆರ್ಸಿಯಿಂದ ಬರೀತಿದ್ದೀನಿ. ಇಲ್ಲಿ ನವರಾತ್ರಿಗೆ ರಜೆ ಇಲ್ಲ, ವಾರದ ದಿನ ಯಾರೂ ಬರೋಕಾಗಲ್ಲ, ಹಾಗಾಗಿ ಎಲ್ಲರೂ ಶನಿವಾರ ಭಾನುವಾರವೇ ಬರೋದು. ಮೊದಲ ವರ್ಷ ಒಂದೇ ಶನಿವಾರ ನಲವತ್ತು ಜನ ಬಂದು, ರಾತ್ರಿ ನಾನು ಬೇಸ್‌ಮೆಂಟ್ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ, ಬೊಂಬೇನ ಒಂದು ಸಲ ಕಣ್ತುಂಬ ನೋಡೋಕೂ ಆಗಲಿಲ್ಲ ಅಂತ. ಆಮೇಲಿಂದ ಸಮಯ ಹಾಕಿ ಕರೀತೀನಿ. ಮೂರರಿಂದ ಐದು ಮಕ್ಕಳಿರೋ ಮನೆಯವರು, ಮಧ್ಯೆ ಅರ್ಧ ಗಂಟೆ ಖಾಲಿ, ಐದೂವರೆಯಿಂದ ಏಳೂವರೆ ದೊಡ್ಡವರು, ಎಂಟಕ್ಕೆ ಆರತಿ. ಒಂದು ಸಲಕ್ಕೆ ನಾಲ್ಕೇ ಮನೆಯವರು.

ಆ ಖಾಲಿ ಅರ್ಧ ಗಂಟೆ ಮುಖ್ಯ ರೀ. ದೀಪಕ್ಕೆ ಎಣ್ಣೆ ಹಾಕಿ, ಬಿದ್ದ ಬೊಂಬೆ ಎತ್ತಿ ನಿಲ್ಲಿಸಿ, ಸುಮ್ಮನೆ ಎದುರಿಗೆ ಕೂತ್ಕೋತೀನಿ. ಅದಿಲ್ಲದೆ ಎರಡನೇ ಗುಂಪಿಗೆ ನಗುಮುಖ ತೋರಿಸೋಕೆ ನನ್ನಿಂದಾಗಲ್ಲ.

ಹಳೇ ಅಗ್ರಹಾರ | 1 ಸೆಪ್ಟೆಂಬರ್

ನನಗೆ 71 ವರ್ಷ. ಬೇಜಾರು ಮಾಡ್ಕೋಬೇಡಿ ಮಕ್ಕಳೇ, ನವರಾತ್ರೀಲಿ ಮನೆಗೆ ಬರೋರಿಗೆ ಗಡಿಯಾರ ನೋಡ್ಕೊಂಡು ಬಾ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಬೊಂಬೆ ಹಬ್ಬ ಅಂದ್ರೆ ತೆರೆದ ಬಾಗಿಲು. ನಾವು ಚಿಕ್ಕವರಿದ್ದಾಗ ಮೈಸೂರಿನ ಅಗ್ರಹಾರದ ಬೀದೀಲಿ ಸಂಜೆಯಾದ್ರೆ ಹತ್ತು ಹದಿನೈದು ಮಕ್ಕಳು ಗುಂಪು ಕಟ್ಕೊಂಡು ಹೊರಡ್ತಿದ್ವಿ. ಪರಿಚಯ ಇರಲಿ ಬಿಡಲಿ, ಪ್ರತಿ ಮನೆ ಮುಂದೆ ನಿಂತು "ಬೊಂಬೆ ಕೂರ್ಸಿದ್ದೀರಾ?" ಅಂತ ಕೂಗೋದು. ಕೂರ್ಸಿದ್ದೀವಿ ಅಂದ್ರೆ ಒಳಗೆ ನುಗ್ಗಿ ನೋಡಿ, ಚರ್ಪು ಅಂತ ಕೊಡೋ ತಿಂಡಿ ಇಸ್ಕೊಂಡು ಮುಂದಿನ ಮನೆಗೆ ಓಟ. ಒಂದು ಮನೇಲಿ ಕೊಬ್ಬರಿ ಸಕ್ಕರೆ, ಒಂದು ಮನೇಲಿ ಪುರಿ ಕಡ್ಲೆ, ಇನ್ನೊಂದರಲ್ಲಿ ಕೋಡುಬಳೆ. ಲಂಗದ ಮಡಿಲು ತುಂಬೋದು. ಯಾರೂ ಯಾರನ್ನೂ ಹೊತ್ತು ಹಾಕಿ ಕರೆದಿರಲಿಲ್ಲ. ಈಗ ಅಪಾರ್ಟ್‌ಮೆಂಟಲ್ಲಿ ಆ ಕೂಗು ಕೇಳಿಸದೆ ಎಷ್ಟು ವರ್ಷ ಆಯ್ತೋ.

ಪೆಟ್ಟಿಗೆಕೀಲಿ | 1 ಸೆಪ್ಟೆಂಬರ್

ಅಮ್ಮಾ, ನೀವು ಹೇಳಿದ್ದು ಓದಿ ನನ್ನ ಮನಸ್ಸೂ ಎರಡಾಗಿದೆ. ನಾನೂ ಹಾಗೆ ಮನೆ ಮನೆ ಸುತ್ತಿದ ಮಗುವೇ. ಆಗ ನಂಗೆ ಹೆದರಿಕೆ ಆಗ್ತಿರಲಿಲ್ಲ, ಯಾಕಂದ್ರೆ ಕೇಳಬೇಕಾದ ಮಾತು ಒಂದೇ ಇತ್ತು, ಅದು ಎಲ್ಲರಿಗೂ ಗೊತ್ತಿತ್ತು. ಬಾಗಿಲು ಮುಚ್ಚಬೇಕು ಅಂತ ನನಗಿಲ್ಲ. ಆದ್ರೆ ಹೋದ ವರ್ಷದ ಹಾಗೆ ಆಗಬಾರದು. ಅದನ್ನ ಪೂರ್ತಿ ಹೇಳಿರಲಿಲ್ಲ, ಈಗ ಹೇಳಿಬಿಡ್ತೀನಿ. ಕುಂಕುಮ ಇಲ್ಲದೆ ಹೋದ ಆ ಅಕ್ಕ ನಮ್ಮತ್ತೆಗೆ ತುಂಬ ಬೇಕಾದವರು. ಅದೇ ವರ್ಷ ಏಪ್ರಿಲಲ್ಲಿ ಅವರ ಯಜಮಾನರು ತೀರಿಕೊಂಡಿದ್ರು. ನಾನೇ ಫೋನ್ ಮಾಡಿ, ನೀವು ಬರಲೇಬೇಕು ಅಂತ ಕರೆದಿದ್ದೆ. ಅವರು ಬಂದ್ರು, ಎಲ್ಲರಿಗೂ ಕುಂಕುಮ ಕೊಡೋ ಹೊತ್ತಿಗೆ ಮನೆಯೊಡತಿ ಎದುರಿಗಿಲ್ಲ, ಅವರು ಎದ್ದು ಹೋದ್ರು. ಅವರೇನು ಅಂದ್ಕೊಂಡಿರಬಹುದು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಫೋನ್ ಮಾಡೋ ಧೈರ್ಯವೂ ನಂಗೆ ಬರಲಿಲ್ಲ.

ಕುವೆಂಪುನಗರದ ಸೊಸೆ | 1 ಸೆಪ್ಟೆಂಬರ್

ಅಯ್ಯೋ ದೇವರೇ. ಇದನ್ನ ಒಂದು ವರ್ಷ ಒಬ್ಬರೇ ಇಟ್ಕೊಂಡಿದ್ರಾ.

ರಾಗಿಪೈರು | 2 ಸೆಪ್ಟೆಂಬರ್

ನಾನು ಗಂಡಸು, ಬೊಂಬೆ ಮನೇಲಿ ನನ್ನ ಪಾಲಿಗೆ ಬಂದಿರೋದು ಪಾರ್ಕು, ಅಂದ್ರೆ ಬೊಂಬೆ ಹತ್ರ ಪೈರು, ಕೆರೆ, ರೈಲು ಇಟ್ಟು ಮಾಡೋ ಪುಟ್ಟ ತೋಟ. ಮಾತಿನಲ್ಲಿ ನಾನೂ ನಿಮ್ಮ ಪೈಕಿಯೇ. ಹದಿನೆಂಟು ವರ್ಷದಿಂದ ಪಾರ್ಕು ಮಾಡ್ತಾ ಬಂದು ನಾನು ಕಂಡುಕೊಂಡಿದ್ದನ್ನ ಹೇಳ್ತೀನಿ.

ಬಂದವರ ಕಣ್ಣು ನನ್ನ ಮುಖದ ಮೇಲಿದ್ರೆ ನಂಗೆ ಕಷ್ಟ. ಅದೇ ಕಣ್ಣು ನಾನು ಮಾಡಿದ ಕೆರೆ ಮೇಲೋ ರೈಲಿನ ಮೇಲೋ ಇದ್ರೆ ಎಷ್ಟು ಹೊತ್ತು ಬೇಕಾದ್ರೂ ಮಾತಾಡ್ತೀನಿ. ಅದಕ್ಕೆ ನಾನು ಯಾವತ್ತೂ ಸೋಫಾ ಮೇಲೆ ಕೂರಲ್ಲ, ಪಾರ್ಕಿನ ಪಕ್ಕ ನೆಲದ ಮೇಲೆ ಕೂರ್ತೀನಿ. ಬಂದವರೂ ಪಕ್ಕದಲ್ಲಿ ಬಂದು ಬಗ್ಗಿ ನೋಡ್ತಾರೆ. ಇಬ್ಬರೂ ಒಂದೇ ಕಡೆ ನೋಡ್ತಾ ಮಾತಾಡೋದು ಎದುರುಬದುರು ಕೂತು ಮಾತಾಡೋದಕ್ಕಿಂತ ಎಷ್ಟೋ ಸಲೀಸು. ಮಕ್ಕಳ ಕೈಗೆ ನೀರು ಚಿಮುಕಿಸೋ ಬಾಟ್ಲಿ ಕೊಡ್ತೀನಿ, ಪೈರಿಗೆ ಹಾಕು ಅಂತ. ಆ ಮಗು ಅಲ್ಲಿಂದ ಏಳೋದೇ ಇಲ್ಲ.

ಇನ್ನೊಂದು, ಚಿಕ್ಕ ಚಿಕ್ಕ ಚೀಟಿ ಬರೆದು ಬೊಂಬೆ ಪಕ್ಕ ಇಡ್ತೀನಿ. ಜಂಬೂ ಸವಾರಿ ಸೆಟ್ಟಿನ ಮುಂದೆ "ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದರು" ಅಂತ. ಚನ್ನಪಟ್ಟಣದ ಬೊಂಬೆ ಮುಂದೆ "ಇದು ಹಾಲೆ ಮರ, ಮೇಲಿನ ಬಣ್ಣ ಅರಗು" ಅಂತ. ಕಿನ್ನಾಳದ ಬೊಂಬೆ ಒಂದಿದೆ, ಅದರ ಮುಂದೆ "ಕೊಪ್ಪಳ ಜಿಲ್ಲೆಯಿಂದ ಬಂದದ್ದು" ಅಂತ. ಒಬ್ಬರು ಜೋರಾಗಿ ಓದ್ತಾರೆ, ಇನ್ನೊಬ್ಬರು "ಹೌದಾ, ಮೈಸೂರಲ್ಲಿ ಅಲ್ವಾ ಶುರುವಾಗಿದ್ದು?" ಅಂತಾರೆ, ಮಾತು ಅದರ ಪಾಡಿಗೆ ಹೊರಡತ್ತೆ. ಚೀಟಿ ಬರೆಯೋದನ್ನ ನೀವು ರಾತ್ರಿ ಒಬ್ಬರೇ ಕೂತು ಮಾಡಬಹುದು. ಹೇಳಬೇಕಾದ್ದನ್ನ ಮುಂಚೆಯೇ ಹೇಳಿಟ್ಟ ಹಾಗೆ.

ಎಡಿಸನ್ ಕನ್ನಡತಿ | 2 ಸೆಪ್ಟೆಂಬರ್

ಸರ್, ಪೈರು ಹೇಗೆ ಬೆಳೆಸ್ತೀರಿ ಅಂತ ಹೇಳಿ. ನನ್ನದು ಪ್ರತಿ ಸಲ ಬೂಷ್ಟು ಹಿಡಿಯತ್ತೆ.

ರಾಗಿಪೈರು | 2 ಸೆಪ್ಟೆಂಬರ್

ನೀರು ಜಾಸ್ತಿ ಆಗ್ತಿದೆ, ಗಾಳಿ ಕಮ್ಮಿ ಆಗ್ತಿದೆ. ತಳದಲ್ಲಿ ಸಣ್ಣ ತೂತಿರೋ ಅಗಲದ ಟ್ರೇ ತಗೊಳ್ಳಿ. ಕೆಮ್ಮಣ್ಣು, ಮರಳು, ಪುಡಿ ಗೊಬ್ಬರ ಬೆರೆಸಿ ಎರಡು ಬೆರಳು ದಪ್ಪ ಹರಡಿ. ರಾಗಿನ ಒಂದು ರಾತ್ರಿ ನೆನೆಸಿ, ಬಟ್ಟೇಲಿ ಕಟ್ಟಿಟ್ಟು, ಮೊಳಕೆ ಬಿಳಿ ಚುಕ್ಕೆ ಹಾಗೆ ಕಂಡ ಮೇಲೆ ಚೆಲ್ಲಿ. ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ನೀರು ಸುರಿಯಬಾರದು, ಚಿಮುಕಿಸಬೇಕು. ನಾನು ಪಾಡ್ಯಕ್ಕೆ ಎಂಟು ದಿನ ಮುಂಚೆ ಹಾಕ್ತೀನಿ, ಹಬ್ಬದ ಹೊತ್ತಿಗೆ ಅರ್ಧ ಬೆರಳುದ್ದ ಬಂದಿರತ್ತೆ. ನಿಮ್ಮಲ್ಲಿ ಚಳಿ ಶುರುವಾಗೋದ್ರಿಂದ ಎರಡು ದಿನ ಇನ್ನೂ ಮುಂಚೆ ಹಾಕಿ, ಹಗಲು ಕಿಟಕಿ ಹತ್ರ ಇಡಿ. ತಡ ಆಗೋಯ್ತು ಅನ್ನಿಸಿದ್ರೆ ಸಾಸಿವೆ ಹಾಕಿ, ಬೇಗ ಏಳತ್ತೆ. ಮಧ್ಯೆ ಕನ್ನಡಿ ಇಟ್ಟು ಅಂಚಿಗೆ ಮರಳು ಸುರಿದ್ರೆ ಕೆರೆ.

ಧಾರವಾಡದ ಮಳಿ | 3 ಸೆಪ್ಟೆಂಬರ್

ನಮಸ್ಕಾರ್ರಿ. ನಮ್ಮ ಮನ್ಯಾಗ ಗೊಂಬಿ ಕೂಡ್ಸೂ ಪದ್ಧತಿ ಇಲ್ಲ. ಘಟ್ಟ ಹಾಕ್ತೀವಿ, ಒಂಬತ್ತು ದಿನ ದೀಪ ಕಾಯ್ತೀವಿ. ಮಂದಿ ಬರೂದು ದಶಮಿ ಸಂಜೀಗೆ, ಬನ್ನಿ ಕೊಡಾಕ. ಆವತ್ತು ಓಣಿ ಓಣೀನ ನಮ್ಮ ಮನೀಗೆ ಬರ್ತದ. ನಾನೂ ಭಾಳ ಮಾತಾಡಾಕಿ ಅಲ್ಲ. ಆದ್ರ ಆ ದಿನ ನನಗ ಎಂದೂ ಅಂಜಿಕಿ ಆಗಿಲ್ರಿ. ಯಾಕಂದ್ರ ಆಡೂ ಮಾತು ಒಂದ: "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು." ಕೈಯಾಗ ಎಲಿ ಇಡೂದು, ಸಣ್ಣಾವ್ರು ದೊಡ್ಡಾವ್ರ ಕಾಲಿಗೆ ಬೀಳೂದು, ಬಾಯಿಗೆ ಒಂದು ಉಂಡಿ ಹಾಕೂದು. ವರ್ಷಾನುಗಟ್ಟಲೆ ಮಾತು ಬಿಟ್ಟಾವ್ರೂ ಆವತ್ತು ಬನ್ನಿ ಕೊಟ್ಟು ಒಂದಾಗ್ತಾರ. ನಿಮ್ಮ ಆ ಅಕ್ಕಾರಿಗೆ ಏನ್ ಹೇಳ್ಬೇಕಂತ ತಿಳೀವಲ್ದಂದ್ರ, ಕುಂಕುಮ ಹಚ್ಚೂದ ನಿಮ್ಮ ಮಾತಾಗ್ಲಿ. ಮುಂದಿನ ಮಾತು ತಾನ ಬರ್ತದ.

ಹಳೇ ಅಗ್ರಹಾರ | 3 ಸೆಪ್ಟೆಂಬರ್

ಪೆಟ್ಟಿಗೆಕೀಲಿ, ನಿನ್ನೆ ರಾತ್ರಿ ನಂಗೆ ಸರಿಯಾಗಿ ನಿದ್ದೆ ಬರಲಿಲ್ಲ ಕಣಮ್ಮ. ನಾನು ಬಾಗಿಲು, ಹೊತ್ತು ಅಂತ ವಾದ ಮಾಡ್ತಾ ಕೂತೆ, ನಿನ್ನ ಸಂಕಟ ಬೇರೆಯೇ ಇತ್ತು.

ನಮ್ಮಮ್ಮನ ವಿಷಯ ಹೇಳ್ತೀನಿ. ಅವರು ಯಾರ ಜೊತೆಗೂ ಒಟ್ಟಿಗೆ ಹತ್ತು ಮಾತಾಡಿದ್ದು ನಾನು ಕಂಡಿಲ್ಲ. ಆದ್ರೂ ನಮ್ಮ ಮನೆ ಬೊಂಬೆಗೆ ಬರುವಷ್ಟು ಜನ ಬೀದೀಲಿ ಇನ್ಯಾರ ಮನೆಗೂ ಬರ್ತಿರಲಿಲ್ಲ. ಯಾಕೆ ಅಂತ ನಾನು ಮುದುಕಿಯಾದ ಮೇಲೆ ಯೋಚನೆ ಮಾಡಿದ್ದು. ಅವರು ಬೊಂಬೆ ಪಕ್ಕದಲ್ಲಿ ಮಣೆ ಹಾಕ್ಕೊಂಡು, ಬಾಳೆ ನಾರು ನೆನೆಸಿಟ್ಕೊಂಡು, ಕಾಕಡ, ಕನಕಾಂಬರ ಕಟ್ತಾ ಕೂರೋರು. ಬಂದ ಹೆಂಗಸರು ಬೊಂಬೆ ನೋಡ್ತಾ ತಮ್ಮತಮ್ಮಲ್ಲೇ ಮಾತಾಡ್ಕೊಳ್ಳೋರು. ಅಮ್ಮ ಹೂವಿಂದ ತಲೆ ಎತ್ತದೆ ಹೂಂಗುಟ್ಟೋರು, ಒಂದೊಂದು ಸಲ ನಗೋರು. ಎದ್ದು ಹೊರಡುವಾಗ ಕಟ್ಟಿದ ಮಾಲೆಯಿಂದ ಮೊಳ ಅಳೆದು ಕತ್ತರಿಸಿ ತಾವೇ ಮುಡಿಸೋರು. ಆ ಹೂವು ಅವರು ಕೂತಿದ್ದಾಗಲೇ, ಅವರ ಕಣ್ಣೆದುರೇ ಕಟ್ಟಿದ್ದು. ಅದನ್ನ ಮುಡ್ಕೊಂಡು ಹೋದವರಿಗೆ ಈಕೆ ಮಾತಾಡಿಸಲಿಲ್ಲ ಅಂತ ಯಾವತ್ತಾದ್ರೂ ಅನ್ನಿಸಿರತ್ತಾ?

ನಿನ್ನ ಕೈಗೆ ಒಂದು ಕೆಲಸ ಹಿಡ್ಕೋ. ಅಡುಗೆಮನೇಲಿ ಅಲ್ಲ, ಬೊಂಬೆ ಮುಂದೆ. ಕುಂಕುಮ ಇಲ್ಲದೆ ಹೋದ ಆ ಮಗಳನ್ನ ಎಲ್ಲರಿಗಿಂತ ಮೊದಲು, ಒಬ್ಬಳನ್ನೇ ಕರಿ. ಪಾಡ್ಯದ ದಿನವೇ ಕರಿ. ಹೊತ್ತು ಹಾಕಿ ಕರೆಯೋದು ತಪ್ಪು ಅಂದಿದ್ದೆನಲ್ಲ, ಆ ಮಾತು ವಾಪಸ್ ತಗೊಂಡಿದ್ದೀನಿ.

ಪೆಟ್ಟಿಗೆಕೀಲಿ | 3 ಸೆಪ್ಟೆಂಬರ್

ಅಮ್ಮಾ, ಇದನ್ನ ನಾಲ್ಕು ಸಲ ಓದಿದೆ. ನಂಗೆ ಹೂ ಕಟ್ಟೋದು ಅಷ್ಟು ಬರಲ್ಲ, ಆದ್ರೆ ದೇವರಿಗೆ ಹಾಕೋ ಹತ್ತಿ ಹಾರ ಇದ್ಯಲ್ಲ, ಗೆಜ್ಜೆವಸ್ತ್ರ, ಅದನ್ನ ಮಾಡೋದು ತುಂಬ ಇಷ್ಟ. ಅತ್ತೆ ಕಲಿಸಿದ್ದು. ಹತ್ತಿ, ಹಾಲು, ಕುಂಕುಮ ಇಷ್ಟು ಇದ್ರೆ ಸಾಕು. ಅದನ್ನೇ ಹಿಡ್ಕೊಂಡು ಕೂತ್ರೆ ಆಗತ್ತಾ?

ಹಳೇ ಅಗ್ರಹಾರ | 3 ಸೆಪ್ಟೆಂಬರ್

ಅದಕ್ಕಿಂತ ಚೆನ್ನಾಗಿರೋದು ಇನ್ನೇನಿದೆ? ಹೂವು ಬಾಡತ್ತೆ, ಅದು ಅವರ ದೇವರ ಮನೇಲಿ ಉಳಿಯತ್ತೆ.

ಒಗ್ಗರಣೆ ಡಬ್ಬಿ | 5 ಸೆಪ್ಟೆಂಬರ್

ತಡವಾಗಿ ಬಂದೆ. ಯಾರೂ ಅಡುಗೆ ಲೆಕ್ಕ ಹೇಳಿಲ್ಲ, ಆದ್ರೆ ಅಡುಗೆಮನೆಗೆ ಓಡಬೇಕಾಗದ ಹಾಗೆ ಮಾಡೋದು ಅಲ್ಲೇ ಇರೋದು. ಬಂದವರು ಬಂದ ಮೇಲೆ ಒಲೆ ಹಚ್ಚೋ ಕೆಲಸ ಒಂದೂ ಇರಬಾರದು. ಒಂದು ಕಿಲೋ ಕಡ್ಲೆಕಾಳು ನೆನೆದು ಬೆಂದ್ರೆ ಎರಡು ಕಿಲೋ ಮೇಲೆ ಆಗತ್ತೆ, ಚಿಕ್ಕ ದೊನ್ನೇಲಿ ಕೊಟ್ರೆ ನಲವತ್ತು ಜನಕ್ಕೆ ಸಾಕು. ಬೆಳಿಗ್ಗೆಯೇ ಬೇಯಿಸಿ ನೀರು ಸೋಸಿ ಇಡಿ, ನಾಲ್ಕು ಗಂಟೆಗೆ ಒಗ್ಗರಣೆ ಕೊಡಿ, ತೆಂಗಿನತುರಿ ಮಾತ್ರ ಕೊನೇಲಿ, ಆವತ್ತೇ ತುರಿದದ್ದು. ಈ ಸೆಕೆಗೆ ತುರಿ ಹಾಕಿದ ಉಸ್ಲಿ ರಾತ್ರಿವರೆಗೆ ನಿಲ್ಲಲ್ಲ. ಪಾತ್ರೆನ ಬೊಂಬೆ ಕೋಣೆಗೇ ತಂದು ಮೂಲೇಲಿ ಇಡಿ. ಉಪ್ಪು ನೋಡಿ ಅಂತ ಬಂದವರಲ್ಲೇ ಒಬ್ಬರ ಕೈಗೆ ಸೌಟು ಕೊಟ್ರೆ ಅವರೇ ಬಡಿಸ್ತಾರೆ, ನಮ್ಮ ಹೆಂಗಸರಿಗೆ ಸುಮ್ಮನೆ ಕೂರೋಕೆ ಬರಲ್ಲ. ಹನ್ನೊಂದು ದಿನವೂ ಉಸ್ಲಿ ಬೇಡ. ಎರಡು ದಿನ ಹೆಸರುಬೇಳೆ ಕೋಸಂಬರಿ ಮಾಡಿ, ನೆನೆಸಿದ್ರೆ ಆಯ್ತು, ಬೇಯಿಸೋದೇ ಇಲ್ಲ. ರವೆಉಂಡೆ, ಚಕ್ಕುಲಿ ಮುಂಚೆನೇ ಮಾಡಿ ಡಬ್ಬೀಲಿರಲಿ, ಮಕ್ಕಳಿಗೆ ಕೈಗೆ ಕೊಟ್ಟು ಕಳಿಸೋಕೆ.

ಪೆಟ್ಟಿಗೆಕೀಲಿ | 20 ಸೆಪ್ಟೆಂಬರ್

ಹಲಗೆ ಜೋಡಿಸಿ ಆಯ್ತು, ಬಿಳಿ ಪಂಚೆ ಹಾಸಿ ಆಯ್ತು. ಸೋಮವಾರ ಬೆಳಿಗ್ಗೆ ಪಟ್ಟದ ಬೊಂಬೆ ಏರಿಸೋದು. ಚೀಟಿ 32 ಬರೆದಿದ್ದೀನಿ. ಅಪಾರ್ಟ್‌ಮೆಂಟಿನ ಮಕ್ಕಳಿಗೆ ಲಿಫ್ಟ್ ಹತ್ರ ಕಾಗದ ಅಂಟಿಸಿದ್ದೀನಿ: ದಿನಾ ಐದರಿಂದ ಆರು, ಕರೆಯೋದು ಬೇಕಾಗಿಲ್ಲ, "ಬೊಂಬೆ ಕೂರ್ಸಿದ್ದೀರಾ" ಅಂತ ಕೇಳಿದ್ರೆ ಚರ್ಪು. ದೊಡ್ಡವರನ್ನ ದಿನಕ್ಕೆ ಮೂರು ಮನೆ ಹಾಗೆ ಕರೆದಿದ್ದೀನಿ, 27, 28 ಶನಿವಾರ ಭಾನುವಾರ ಮಾತ್ರ ಐದು ಮನೆ. ಆ ಎರಡು ದಿನ ಓರಗಿತ್ತಿ ಬರ್ತೀನಿ ಅಂದಿದ್ದಾಳೆ. ಮಂಗಳವಾರ 30ಕ್ಕೆ ಯಾರನ್ನೂ ಕರೆದಿಲ್ಲ. ಆ ಅಕ್ಕನಿಗೆ ಫೋನ್ ಮಾಡೋಕಾಗಲಿಲ್ಲ, ಕಾಗದ ಬರೆದು ಮಗನ ಕೈಲಿ ಕಳಿಸಿದೆ. ಬರ್ತೀನಿ ಅಂತ ಹೇಳಿ ಕಳಿಸಿದ್ದಾರೆ.

ಕುವೆಂಪುನಗರದ ಸೊಸೆ | 20 ಸೆಪ್ಟೆಂಬರ್

ಒಳ್ಳೇದಾಗಲಿ. ಸ್ಟೂಲು ಮರೀಬೇಡಿ.

ಪೆಟ್ಟಿಗೆಕೀಲಿ | 4 ಅಕ್ಟೋಬರ್

ಎಲ್ಲರೂ ಕಾಯ್ತಿದ್ದೀರಿ ಅಂತ ಗೊತ್ತು. ನಿನ್ನೆ ಪೂರ್ತಿ ಬೊಂಬೆ ಕಟ್ಟಿಡೋದ್ರಲ್ಲೇ ಹೋಯ್ತು, ಅದಕ್ಕೆ ಇವತ್ತು ಬರೀತಿದ್ದೀನಿ.

ಪಾಡ್ಯದ ದಿನ ಹನ್ನೊಂದು ಗಂಟೆಗೆ ಅಕ್ಕ ಬಂದ್ರು, ಒಬ್ಬರೇ. ನಾನು ಏನೇನು ಹೇಳಬೇಕು ಅಂತ ಮನಸ್ಸಲ್ಲಿ ಬರೆದಿಟ್ಕೊಂಡಿದ್ದೆ, ಬಾಗಿಲು ತೆಗೆದಾಗ ಒಂದೂ ಬರಲಿಲ್ಲ. ಕುಂಕುಮದ ಬಟ್ಟಲು ಸ್ಟೂಲಿನ ಮೇಲೇ ಇತ್ತು. ಅವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ತಕ್ಷಣ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿದೆ. ಹೊರಡುವಾಗ ಕೊಡೋದನ್ನ ಬರುವಾಗಲೇ ಕೊಟ್ಟೆ. ಅವರು ನನ್ನ ಕೈ ಹಿಡ್ಕೊಂಡ್ರು, ಬಿಡಲಿಲ್ಲ. ಆಮೇಲೆ ಬೊಂಬೆ ಮುಂದೆ ಚಾಪೆ ಮೇಲೆ ಕೂತ್ವಿ. ನಾನು ಗೆಜ್ಜೆವಸ್ತ್ರದ ತಟ್ಟೆ ಎಳ್ಕೊಂಡೆ. ಸ್ವಲ್ಪ ಹೊತ್ತಿಗೆ ಅವರೂ ಹತ್ತಿ ಬಿಡಿಸ್ಕೊಂಡು, ಬೆರಳಿಗೆ ಹಾಲು ಮುಟ್ಟಿಸಿ ಎಳೆ ಎಳೆಯೋಕೆ ಶುರು ಮಾಡಿದ್ರು. ಅವರ ಎಳೆ ನನ್ನದಕ್ಕಿಂತ ಸಣ್ಣ, ಗೆಜ್ಜೆ ಒಂದೊಂದೂ ಒಂದೇ ಸಮ, ಮಲ್ಲಿಗೆ ಮೊಗ್ಗಿನ ಗಾತ್ರ. ಇಪ್ಪತ್ತು ನಿಮಿಷ ಇಬ್ಬರೂ ಒಂದು ಮಾತೂ ಆಡಿಲ್ಲ. ಫ್ಯಾನ್ ಗಾಳಿಗೆ ಹತ್ತಿ ಹಾರಿ ಶೆಟ್ಟಮ್ಮನ ಬೊಂಬೆ ತಲೆ ಮೇಲೆ ಕೂತಿತ್ತು, ಅವರೇ ಎದ್ದು ಹೋಗಿ ತೆಗೆದ್ರು. ಅದಾದ ಮೇಲೆ ಅವರೇ ಹೇಳಿದ್ರು: "ನೀನು ಬೇಕಂತ ಮಾಡಿದ್ದಲ್ಲ ಅಂತ ನಂಗೆ ಗೊತ್ತಿತ್ತು. ಆದ್ರೂ ಮನೆಗೆ ಹೋಗಿ ಅತ್ತುಬಿಟ್ಟೆ ಕಣೇ." ನಾನು ನಡೆದದ್ದು ಹೇಳಿದೆ, ಅಡುಗೆಮನೇಲಿ ನಿಂತಿದ್ದು, ಕೈ ತಣ್ಣಗಾಗಿದ್ದು, ಎಲ್ಲ. ಅವರು "ನಿಮ್ಮತ್ತೆಗೂ ಮೊದಮೊದಲು ಹಾಗೇ ಆಗ್ತಿತ್ತು" ಅಂದ್ರು. ನಮ್ಮತ್ತೆಗೆ! ಬೀದಿಗೆಲ್ಲ ಕೇಳೋ ಹಾಗೆ ಮಾತಾಡ್ತಿದ್ದ ನಮ್ಮತ್ತೆಗೆ. ನಂಗೆ ನಂಬೋಕಾಗಲಿಲ್ಲ.

ಅಕ್ಕ ಆಮೇಲೆ ಇನ್ನೂ ನಾಲ್ಕು ದಿನ ಬಂದ್ರು. ಚಾಪೆ ಮೇಲೆ ನನ್ನ ಪಕ್ಕ ಅವರ ಜಾಗ ಗೊತ್ತಾಗಿಹೋಯ್ತು. ಬಂದವರಲ್ಲಿ ಅರ್ಧಕ್ಕರ್ಧ ಜನ ತಾವೂ ಕೂತು ಒಂದೊಂದು ಎಳೆ ಮಾಡಿ ನೋಡಿದ್ರು. ಒಬ್ಬ ಹುಡುಗಿ ಕಾಲೇಜಿಂದ ಬಂದವಳು ಜೀವಮಾನದಲ್ಲಿ ಮೊದಲ ಸಲ ಮಾಡಿದ್ದಂತೆ, ಫೋಟೋ ತೆಗೆದು ಅವಳಮ್ಮನಿಗೆ ಕಳಿಸಿದಳು. ಪ್ರತಿಯೊಬ್ಬರ ತಾಂಬೂಲದಲ್ಲೂ ಒಂದು ಜೊತೆ ಹಾಕಿದೆ.

ಮಕ್ಕಳು ಮೊದಲ ದಿನ ಮೂವರು. ನಾಲ್ಕನೇ ದಿನ ಹತ್ತೊಂಬತ್ತು. ಕನ್ನಡ ಬಾರದ ಮಕ್ಕಳೂ ಕಾರಿಡಾರಿನ ಆ ಕೊನೆಯಿಂದಲೇ "ಬೊಂಬೆ ಕೂರ್ಸಿದ್ದೀರಾ" ಅಂತ ಕೂಗ್ತಾ ಬರೋರು. ಆ ಕೂಗಿಗೆ ನಂಗೆ ಎದೆ ಡವಡವ ಅನ್ನಲಿಲ್ಲ, ಓಡಿ ಹೋಗಿ ಬಾಗಿಲು ತೆಗೀತಿದ್ದೆ. ಬೆಲ್ಲಿಗೆ ಈಗಲೂ ಅನ್ನತ್ತೆ.

ಎಲ್ಲ ದಿನವೂ ಚೆನ್ನಾಗಿತ್ತು ಅಂತ ಹೇಳಲ್ಲ. ಭಾನುವಾರ 28ಕ್ಕೆ ಹೇಳದೆ ಎರಡು ಮನೆಯವರು ಬಂದ್ರು, ಕೋಣೇಲಿ ಹದಿನೆಂಟು ಜನ. ನಂಗೆ ಮತ್ತೆ ಹಾಗೇ ಆಯ್ತು. ಆದ್ರೆ ಅಡುಗೆಮನೇಲಿ ಮಾಡೋದಕ್ಕೆ ಏನೂ ಇರಲಿಲ್ಲ, ಉಸ್ಲಿ ಪಾತ್ರೆ ಆಚೇನೇ ಇತ್ತು. ಓರಗಿತ್ತಿ ನನ್ನ ಮುಖ ನೋಡಿ "ಅಕ್ಕ ದೀಪಕ್ಕೆ ಎಣ್ಣೆ ತರ್ತಾರೆ" ಅಂದಳು. ಐದು ನಿಮಿಷ ಬಾಲ್ಕನೀಲಿ ನಿಂತು ಎಣ್ಣೆ ಬಾಟ್ಲಿ ಹಿಡ್ಕೊಂಡೇ ವಾಪಸ್ ಬಂದೆ. ಯಾರೂ ಬರಿಗೈಲಿ ಹೋಗಲಿಲ್ಲ, ಎಣಿಸಿದ್ದೀನಿ. ಯಾರೂ ಬರದ 30ನೇ ತಾರೀಕು ನಾನೊಬ್ಬಳೇ ಎಲ್ಲ ದೀಪ ಹಚ್ಚಿ, ಏಳು ಹಂತವನ್ನೂ ಮೇಲಿಂದ ಕೆಳಗೆ ಒಂದೊಂದೇ ನೋಡ್ತಾ ಕೂತಿದ್ದೆ. ಮುಂದಿನ ವರ್ಷ ಅಂಥ ದಿನ ಎರಡು ಇಟ್ಕೋತೀನಿ.

ದಶಮಿ ರಾತ್ರಿ ಆರತಿ ಮಾಡಿ ರಾಜ ರಾಣೀನ ಮಲಗಿಸಿದ್ವಿ. ರಾಜನ ಪೇಟ ತೆಗೆದು ಪಕ್ಕದಲ್ಲಿಟ್ಟಿದ್ದು ನಮ್ಮ ಯಜಮಾನರು. ಏಳು ಹಂತ ಸಾಲದು ಅಂತ ಅವರೇ ಅಂದ್ರು.

ಹಳೇ ಅಗ್ರಹಾರ | 4 ಅಕ್ಟೋಬರ್

ಕಣ್ಣು ತುಂಬಿ ಬಂತಮ್ಮ. ಆ ಮಗಳಿಗೆ ನನ್ನ ಆಶೀರ್ವಾದ ಹೇಳು.

ಧಾರವಾಡದ ಮಳಿ | 4 ಅಕ್ಟೋಬರ್

ಭಾಳ ಛಲೋ ಆತ್ರಿ. ಗೆಜ್ಜಿವಸ್ತ್ರ ನಾನೂ ಮಾಡ್ತೀನಿ, ಮುಂದಿನ ವರ್ಷ ಬನ್ನಿ ಜೋಡಿ ಕೊಡ್ತೀನಿ.

ಎಡಿಸನ್ ಕನ್ನಡತಿ | 5 ಅಕ್ಟೋಬರ್

ನಮ್ಮಲ್ಲಿ ಕೊನೇ ಗುಂಪು ಇವತ್ತು ಬಂದು ಹೋಯ್ತು. ರಾಗಿ ಈ ಸಲ ಹಸಿರಾಗಿ ಬಂತು ಸರ್, ಬೂಷ್ಟು ಇಲ್ಲ! ಈಗ ಕಟ್ಟಿಡೋ ಕೆಲಸ. ಚನ್ನಪಟ್ಟಣದ ಬೊಂಬೆಗಳ ಜೊತೆ ನುಸಿ ಗುಳಿಗೆ ಹಾಕಬಹುದಾ?

ರಾಗಿಪೈರು | 5 ಅಕ್ಟೋಬರ್

ಅರಗಿನ ಬಣ್ಣಕ್ಕೆ ಗುಳಿಗೆ ನೇರ ತಾಗೋದು ಬೇಡ. ಹಾಕಲೇಬೇಕು ಅಂದ್ರೆ ಬಟ್ಟೆ ಗಂಟು ಕಟ್ಟಿ ಪೆಟ್ಟಿಗೆ ಮೂಲೇಲಿ ಇಡಿ. ಪೈರಿನ ಮಣ್ಣನ್ನ ಒಣಗಿಸಿ ಎತ್ತಿಡಿ, ಮುಂದಿನ ವರ್ಷಕ್ಕೂ ಬರತ್ತೆ.

ಪೆಟ್ಟಿಗೆಕೀಲಿ | 5 ಅಕ್ಟೋಬರ್

ನಾನು ಲವಂಗ, ಒಣ ಬೇವಿನ ಸೊಪ್ಪು ಹಾಕ್ತೀನಿ. ಹಳೇ ಕಾಟನ್ ಪಂಚೆ ಇದ್ರೆ ಅದರಲ್ಲೇ ಸುತ್ತಿ, ಪ್ಲಾಸ್ಟಿಕ್ ಬೇಡ. ಪೆಟ್ಟಿಗೆ ಮುಚ್ಚಳದ ಒಳಗಡೆ ಯಾವ ಹಂತದಲ್ಲಿ ಏನಿತ್ತು ಅಂತ ಒಂದು ಚೀಟಿ ಅಂಟಿಸಿಬಿಡಿ.